ಬಾಗಿಲಲ್ಲಿ ನಿಂತವನ ಪಾಲು

2025ರ ಜೂನ್ 9, ಸೋಮವಾರ. ಸಿಂಗಪುರದ ಕ್ಲೈಂಟ್ ಜೊತೆ ಎಂಟೂವರೆಗೆ ಮೀಟಿಂಗ್ ಇದ್ದುದರಿಂದ ನಾನು ಅವತ್ತು ಡೊಂಬಿವಲಿಯಿಂದ ಎಂದಿಗಿಂತ ಬೇಗ ಹೊರಟಿದ್ದೆ. ಐರೋಲಿಯ ಆಫೀಸಿನಲ್ಲಿ ಮೀಟಿಂಗ್ ಮುಗಿಸಿ ಚಹಾಕ್ಕೆ ಎದ್ದ ಸ್ವಲ್ಪ ಹೊತ್ತಿಗೆ ಚಳ್ಳಕೆರೆಯಿಂದ ಅಮ್ಮನ ಫೋನು ಬಂತು.

"ಎಲ್ಲಿದೀಯಪ್ಪಾ? ಟೀವಿಯಾಗೆ ತೋರಿಸ್ತಿದಾರೆ. ಮುಂಬ್ರಾ ಅಂತೆ, ರೈಲಿಂದ ಬಿದ್ರಂತೆ."

"ಆಫೀಸ್ನಾಗೆ ಇದೀನಮ್ಮ. ನಾನು ಬಂದ ಮೇಲೆ ಆಗಿರೋದು."

"ನೀನು ಬಾಗಿಲಾಗೆ ನಿಲ್ಲಲ್ಲ ತಾನೆ?"

"ಇಲ್ಲಮ್ಮ."

ಹದಿನೇಳು ವರ್ಷಗಳಿಂದ ಹೇಳುತ್ತ ಬಂದಿರುವ ಸುಳ್ಳು ಅದು.

ಸುದ್ದಿ ಬಿಡಿಬಿಡಿಯಾಗಿ ಬಂತು. ದಿವಾ ಮತ್ತು ಮುಂಬ್ರಾ ನಡುವಿನ ತಿರುವಿನಲ್ಲಿ ಒಂದು ಲೋಕಲ್ ಸಿಎಸ್‌ಎಂಟಿ ಕಡೆಗೆ ಹೋಗುತ್ತಿತ್ತು, ಇನ್ನೊಂದು ಕಸಾರಾ ಕಡೆಗೆ. ಎರಡೂ ಎದುರುಬದುರಾಗಿ ಹಾದುಹೋಗುವಾಗ ಬಾಗಿಲಲ್ಲಿ ನೇತಾಡುತ್ತಿದ್ದವರು ಒಬ್ಬರಿಗೊಬ್ಬರು ತಗುಲಿ ಹಳಿಗಳ ನಡುವೆ ಬಿದ್ದರು. ಅಂದು ನಾಲ್ವರು ಸತ್ತರು. ಆಮೇಲೆ ಸತ್ತವರ ಸಂಖ್ಯೆ ಐದಕ್ಕೇರಿತು.

ಕ್ಯಾಂಟೀನಿನಲ್ಲಿ ಅದೇ ಮಾತು. ಕಾರಿನಲ್ಲಿ ಬರುವ ಸಹೋದ್ಯೋಗಿಯೊಬ್ಬರು, "ನೇತಾಡಿ ಅಂತ ಯಾರಾದರೂ ಹೇಳಿದ್ರಾ? ಮುಂದಿನ ಟ್ರೈನಿಗೆ ಕಾಯಬಹುದಿತ್ತು. ಅವರ ಚಾಯ್ಸ್ ಅದು" ಅಂದರು. ನಾನು ಹೌದೆಂಬಂತೆ ತಲೆಯಾಡಿಸಿದೆ. ಅದೇ ಬೆಳಿಗ್ಗೆ ಅದೇ ತಿರುವನ್ನು ನಾನೂ ಬಾಗಿಲ ಕಂಬಿ ಹಿಡಿದೇ ದಾಟಿ ಬಂದಿದ್ದೆ.

'ಅವರ ಚಾಯ್ಸ್' ಎಂಬ ಆ ಮಾತು ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ. ಮನುಷ್ಯ ಮಾಡುವುದೆಲ್ಲ ಅವನ ಆಯ್ಕೆಯೋ, ಮೊದಲೇ ನಿಗದಿಯಾದದ್ದೋ ಎಂಬ ಪ್ರಶ್ನೆಯನ್ನು ಎಂಟೆಕ್ ಓದುವಾಗ ಹಾಸ್ಟೆಲಿನಲ್ಲಿ ರಾತ್ರಿಯಿಡೀ ಚರ್ಚಿಸಿದ್ದುಂಟು. ಆಗ ಅದೊಂದು ಆಟವಾಗಿತ್ತು. ಮುಂಬ್ರಾದ ತಿರುವಿನಲ್ಲಿ ಅದು ಆಟವಲ್ಲ. ಉತ್ತರ ಏನೆಂಬುದರ ಮೇಲೆ ಒಂದು ಮನೆಗೆ ಪರಿಹಾರ ಸಿಗುವುದೋ ಇಲ್ಲವೋ, ಒಬ್ಬ ಎಂಜಿನಿಯರ್ ಆರೋಪಿಯಾಗುವನೋ ಇಲ್ಲವೋ ಎಂಬುದು ನಿಂತಿದೆ. ಹಾಗಾಗಿ ನಾನು ಇದನ್ನು ತತ್ವಶಾಸ್ತ್ರದಿಂದ ಶುರುಮಾಡದೆ ಹಳಿಯಿಂದಲೇ ಶುರುಮಾಡುತ್ತೇನೆ.

ತಿರುವು ಬಂದ ಬಗೆ

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿದ್ದು ನಮಗೆಲ್ಲ ಶಾಲೆಯಲ್ಲಿ ಬಾಯಿಪಾಠ. ಮುಂದಿನ ವರ್ಷ, 1854ರ ಮೇ 1ರಂದು, ಹಳಿ ಕಲ್ಯಾಣದವರೆಗೆ ಹೋಯಿತು. ಥಾಣೆ ದಾಟಿದ ಕೂಡಲೇ ಖಾರಿ, ಅಂದರೆ ಸಮುದ್ರದ ಹಿನ್ನೀರು. ಅದಕ್ಕೆ ಸೇತುವೆ ಕಟ್ಟಿದರು. ಆಮೇಲೆ ಎದುರಾದದ್ದು ಪಾರ್ಸಿಕ್ ಬೆಟ್ಟ. ಅದೇ ಸಾಲಿನಲ್ಲಿ ಮೇಲೆ ಮುಂಬ್ರಾದೇವಿಯ ಗುಡಿ, ಕೆಳಗೆ ಖಾರಿ. ಆಗಿನ ಎಂಜಿನಿಯರುಗಳು ಹಳಿಯನ್ನು ಬೆಟ್ಟ ಮತ್ತು ನೀರಿನ ನಡುವಿನ ಕಿರಿದಾದ ಪಟ್ಟಿಯಲ್ಲಿ ಬಾಗಿಸಿಕೊಂಡು ಒಯ್ದರು.

ಅರುವತ್ತು ವರ್ಷಗಳ ನಂತರ, 1916ರಲ್ಲಿ, ಬೆಟ್ಟವನ್ನೇ ಕೊರೆದು ಸುಮಾರು 1.3 ಕಿಲೋಮೀಟರ್ ಉದ್ದದ ಪಾರ್ಸಿಕ್ ಸುರಂಗ ತೆರೆದರು. ಅಂದಿನಿಂದ ಫಾಸ್ಟ್ ರೈಲುಗಳು ಸುರಂಗದಲ್ಲಿ ನೇರವಾಗಿ, ಸ್ಲೋ ರೈಲುಗಳು ಮುಂಬ್ರಾ ಮೇಲೆ ಬಳಸಿಕೊಂಡು ಹೋಗತೊಡಗಿದವು. ನಾನು ಈ ಊರಿಗೆ ಬಂದ 2008ರಲ್ಲಿ ಡೊಂಬಿವಲಿಯ ಫಾಸ್ಟ್ ಹತ್ತಿದರೆ ಮುಂಬ್ರಾ ಕಾಣುತ್ತಲೇ ಇರಲಿಲ್ಲ. ಸುರಂಗದೊಳಗೆ ಕತ್ತಲು, ತಣ್ಣನೆಯ ಗಾಳಿ, ಹುಡುಗರ ಕೂಗು, ಆಚೆ ಬಂದರೆ ಕಲ್ವಾ.

2022ರ ಫೆಬ್ರವರಿಯಲ್ಲಿ ಥಾಣೆ-ದಿವಾ ನಡುವೆ ಐದನೆಯ ಮತ್ತು ಆರನೆಯ ಹಳಿಗಳು ಉದ್ಘಾಟನೆಯಾದವು. ದೂರದ ಮೇಲ್, ಎಕ್ಸ್‌ಪ್ರೆಸ್ ರೈಲುಗಳನ್ನು ಲೋಕಲ್‌ಗಳಿಂದ ಬೇರ್ಪಡಿಸುವುದು ಉದ್ದೇಶ. ಒಳ್ಳೆಯ ಉದ್ದೇಶವೇ. ಅದರ ಭಾಗವಾಗಿ ಸುರಂಗ ದೂರದ ರೈಲುಗಳಿಗೆ ಹೋಯಿತು, ಫಾಸ್ಟ್ ಲೋಕಲ್‌ಗಳು ಮುಂಬ್ರಾ ಕಡೆಯ ದಾರಿಗೆ ಬಂದವು. ತಿರುವಿನಲ್ಲಿ ಹೊರಗಿನ ಹಳಿಯನ್ನು ತುಸು ಎತ್ತರಿಸಿರುತ್ತಾರೆ, ಹಾಗಾಗಿ ಡಬ್ಬಿಗಳು ಒಂದು ಕಡೆಗೆ ವಾಲುತ್ತವೆ. ಪಕ್ಕದ ಹಳಿಯಲ್ಲೂ ರೈಲಿದ್ದರೆ ನಡುವಿನ ಜಾಗ ಇನ್ನಷ್ಟು ಕಿರಿದಾಗುತ್ತದೆ. ಒಳಗಿದ್ದವನಿಗೆ ಅದು ಗೊತ್ತೇ ಆಗುವುದಿಲ್ಲ. ಹೊರಗೆ ಒಂದಡಿ ಚಾಚಿಕೊಂಡವನಿಗೆ ಅದೇ ಜೀವ-ಸಾವಿನ ಅಂತರ.

1854ರ ಬೆಟ್ಟ, 1916ರ ಸುರಂಗ, 2022ರ ಬದಲಾವಣೆ. ಇವ್ಯಾವುದನ್ನೂ ಜೂನ್ 9ರ ಪ್ರಯಾಣಿಕ ಆರಿಸಿಕೊಂಡಿರಲಿಲ್ಲ.

ಜನ ಬಂದ ಬಗೆ

ಹಾಗಾದರೆ ಅಲ್ಲಿ ವಾಸಿಸುವುದನ್ನಾದರೂ ಆರಿಸಿಕೊಂಡಿದ್ದನೆ?

ಮುಂಬ್ರಾ ಒಂದು ಕಾಲಕ್ಕೆ ಖಾರಿಯಂಚಿನ ಸಣ್ಣ ಊರು. 1992ರ ಡಿಸೆಂಬರ್ ಮತ್ತು 1993ರ ಜನವರಿಯ ಮುಂಬಯಿ ಗಲಭೆಗಳಲ್ಲಿ, ಶ್ರೀಕೃಷ್ಣ ಆಯೋಗದ ಲೆಕ್ಕದಂತೆ, 900 ಮಂದಿ ಸತ್ತರು. ಆಮೇಲೆ ನಗರದ ಬೇರೆ ಬೇರೆ ಭಾಗಗಳ ಮುಸ್ಲಿಂ ಕುಟುಂಬಗಳು ಜೊತೆಗಿದ್ದರೆ ಧೈರ್ಯ ಎಂದು ಮುಂಬ್ರಾ, ಕೌಸಾ ಕಡೆ ಬಂದವು. ಕೈಯಲ್ಲಿದ್ದ ಹಣಕ್ಕೆ ಮನೆ ಸಿಗುವುದೂ ಅಲ್ಲಿಯೇ. ಬೇಡಿಕೆ ಏರಿದಂತೆ ಕಟ್ಟಡಗಳೂ ಏರಿದವು, ಎಷ್ಟೋ ಅನುಮತಿಯಿಲ್ಲದೆ. 2013ರ ಏಪ್ರಿಲ್ 4ರಂದು ಮುಂಬ್ರಾದ ಶೀಲ್ ಫಾಟಾದಲ್ಲಿ ಇನ್ನೂ ಕಟ್ಟುತ್ತಿದ್ದ ಅಂಥದೊಂದು ಕಟ್ಟಡ ಕುಸಿದು 74 ಮಂದಿ ಸತ್ತರು. ಮೇಲೆ ಕೆಲಸ ನಡೆಯುತ್ತಿದ್ದಾಗಲೇ ಕೆಳಗಿನ ಅಂತಸ್ತುಗಳಲ್ಲಿ ಸಂಸಾರಗಳು ಬಂದು ನೆಲೆಸಿದ್ದವು. ಆಗಲೂ ಕೇಳಿದವರಿದ್ದರು: ಅನುಮತಿ ಇಲ್ಲದ ಕಟ್ಟಡಕ್ಕೆ ಹೋಗಲು ಅವರಿಗೆ ಹೇಳಿದ್ದು ಯಾರು?

ನನ್ನ ಕಥೆ ಅಷ್ಟು ಕಷ್ಟದ್ದಲ್ಲ. 2008ರಲ್ಲಿ ನಾನು ಡೊಂಬಿವಲಿಗೆ ಬಂದದ್ದು ಥಾಣೆಯ ಬಾಡಿಗೆ ಕೈಗೆಟುಕದ್ದರಿಂದ. ಜೊತೆಗೆ ಡೊಂಬಿವಲಿಯಲ್ಲಿ ಕನ್ನಡದವರಿದ್ದರು, ಉಡುಪಿ ಹೋಟೆಲಿತ್ತು, ನಮ್ಮ ಸಂಬಂಧಿಕರ ಒಂದು ಮನೆಯಿತ್ತು. ಬ್ರೋಕರ್ ನನ್ನ ಹೆಸರು ಕೇಳಿದ, ಊರು ಕೇಳಿದ, "ವೆಜ್ಜಾ?" ಅಂತ ಕೇಳಿದ, ಬೀಗದ ಕೈ ಕೊಟ್ಟ. ಆ ಪ್ರಶ್ನೆಗಳಲ್ಲಿ ಏನೋ ಇದೆ ಎಂದು ಆಗ ಅನಿಸಲಿಲ್ಲ. ಯಾವ ಬಾಗಿಲು ನಮಗೆ ಸಲೀಸಾಗಿ ತೆರೆಯುತ್ತದೋ ಅದು ಬಾಗಿಲು ಎಂಬುದೇ ನಮಗೆ ಕಾಣುವುದಿಲ್ಲ. ಅದು ಇನ್ನೊಬ್ಬನಿಗೆ ಮುಚ್ಚಿದ್ದು ನನಗೆ ಕಂಡದ್ದು ಬಹಳ ವರ್ಷಗಳ ಮೇಲೆ. ಆ ವಿಷಯಕ್ಕೆ ಬರುತ್ತೇನೆ.

ಬಾಗಿಲಿನ ಲೆಕ್ಕ

ಊರಿನಲ್ಲಿರುವ ಓದುಗರಿಗಾಗಿ ಸ್ವಲ್ಪ ವಿವರಿಸಬೇಕು. ಬೆಳಗಿನ ಗರ್ದಿಯಲ್ಲಿ ಲೋಕಲ್ ಒಂದು ಸ್ಟೇಷನ್ನಿನಲ್ಲಿ ನಿಲ್ಲುವುದು ಅರ್ಧ ನಿಮಿಷವೂ ಇಲ್ಲ. ರೈಲ್ವೆಯವರ ಭಾಷೆಯಲ್ಲಿ 'ಸೂಪರ್ ಡೆನ್ಸ್ ಕ್ರಷ್ ಲೋಡ್' ಎಂಬ ಮಾತಿದೆ. ಒಂದು ಚದರ ಮೀಟರ್ ನೆಲದಲ್ಲಿ 14ರಿಂದ 16 ಜನ ನಿಂತಿರುವ ಸ್ಥಿತಿ ಎಂದರ್ಥ. ನಿಮ್ಮ ಮನೆಯ ಊಟದ ಮೇಜಿನ ಅಳತೆಯ ಜಾಗದಲ್ಲಿ ಅಷ್ಟು ಜನರನ್ನು ನಿಲ್ಲಿಸಿ ನೋಡಿ. ಅಲ್ಲಿ ಕಾಲು ಎಲ್ಲಿಡಬೇಕೆಂದು ಯಾರೂ ನಿರ್ಧರಿಸುವುದಿಲ್ಲ, ಹಿಂದಿನವರು ನಿರ್ಧರಿಸುತ್ತಾರೆ. ಡೊಂಬಿವಲಿಗೆ ಬರುವ ರೈಲು ಕಲ್ಯಾಣದಲ್ಲೇ ತುಂಬಿರುತ್ತದೆ, ಮುಂಬ್ರಾಕ್ಕೆ ಬರುವ ರೈಲು ಡೊಂಬಿವಲಿ, ದಿವಾಗಳಲ್ಲಿ ತುಂಬಿರುತ್ತದೆ. ಮುಂದಿನ ರೈಲೂ ಹಾಗೆಯೇ, ಅದರ ಮುಂದಿನದೂ ಹಾಗೆಯೇ. 'ಕಾಯಬಹುದಿತ್ತು' ಎನ್ನುವವರು ಒಂದು ದಿನ ಎಂಟೂವರೆಗೆ ಬಂದು ಕಾದು ನೋಡಬೇಕು.

ಹಾಗೆಂದು ನನಗೆ ಆಯ್ಕೆಯೇ ಇರಲಿಲ್ಲ ಎಂದರೆ ಅದೂ ನಿಜವಲ್ಲ. ಆರೂವರೆಗೆ ಹೊರಡಬಹುದಿತ್ತು, ಕೆಲವು ದಿನ ಹೊರಟಿದ್ದೇನೆ. ಸಂಬಳ ಕಡಿಮೆಯಾದರೂ ಡೊಂಬಿವಲಿಯಲ್ಲೇ ಕೆಲಸ ಹುಡುಕಬಹುದಿತ್ತು. ಇನ್ನೊಂದು ಒಪ್ಪಿಕೊಳ್ಳಲೇಬೇಕು: ಮೊದಮೊದಲು ಬಾಗಿಲಲ್ಲಿ ನಿಲ್ಲುವುದು ನನಗೆ ಖುಷಿಯಾಗಿತ್ತು. ಖಾರಿಯ ಗಾಳಿ ಮುಖಕ್ಕೆ ಬಡಿಯುತ್ತಿತ್ತು, ಬಾಗಿಲ ಗುಂಪಿನವರು 'ಅಣ್ಣಾ' ಎಂದು ಕರೆದು ಜಾಗ ಕೊಡುತ್ತಿದ್ದರು. ಒತ್ತಾಯ ಎಲ್ಲಿ ಮುಗಿಯಿತು, ಅಭ್ಯಾಸ ಎಲ್ಲಿ ಶುರುವಾಯಿತು, ಚಟ ಎಷ್ಟು ಎಂದು ನನ್ನ ಕಾಲಿನ ಬಗ್ಗೆಯೇ ನಾನು ಹೇಳಲಾರೆ.

2023ರಲ್ಲಿ ಮುಂಬಯಿಯ ಉಪನಗರ ರೈಲು ಜಾಲದಲ್ಲಿ 2,590 ಮಂದಿ ಸತ್ತರು ಎಂಬ ಅಂಕಿಅಂಶ 2024ರಲ್ಲಿ ಬಾಂಬೆ ಹೈಕೋರ್ಟಿನ ಮುಂದೆ ಬಂತು. ದಿನಕ್ಕೆ ಸುಮಾರು ಏಳು. ಹಳಿ ದಾಟುವಾಗ ಸತ್ತವರೂ ಇದರಲ್ಲಿ ಸೇರಿದ್ದಾರೆ. ಒಬ್ಬನ ಸಾವನ್ನು ಅವನ ಆಯ್ಕೆ ಎನ್ನಬಹುದೇನೋ. ಪ್ರತಿದಿನ ಸರಾಸರಿ ಏಳು ಮಂದಿ, ವರ್ಷವಿಡೀ, ಒಂದೇ ಜಾಲದಲ್ಲಿ ತಪ್ಪು ಆಯ್ಕೆ ಮಾಡುತ್ತಾರೆಂದರೆ ಅದನ್ನು ಆಯ್ಕೆ ಎನ್ನಬೇಕೋ, ಉತ್ಪಾದನೆ ಎನ್ನಬೇಕೋ?

ಬ್ರಹ್ಮಗಿರಿ ಮತ್ತು ಬರಾಬರ್

ನಮ್ಮ ಕಡೆ ಶಾಲೆಯ ಪ್ರವಾಸವೆಂದರೆ ಒಂದೋ ಚಿತ್ರದುರ್ಗದ ಕೋಟೆ, ಇಲ್ಲವೇ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ. ಅಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಮೇಷ್ಟರು ಹೇಳಿದ್ದರಲ್ಲಿ ನನಗೆ ನೆನಪಿರುವುದು ಇಷ್ಟು: ಮೊದಲು ತಾನು ಅಷ್ಟೇನೂ ಶ್ರಮ ಹಾಕಿರಲಿಲ್ಲ, ಆಮೇಲೆ ಹಾಕಿದೆ ಎಂದು ರಾಜ ಹೇಳಿಕೊಳ್ಳುತ್ತಾನೆ. ಶ್ರಮದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಿಗುತ್ತದೆ, ಆದ್ದರಿಂದ ಇಬ್ಬರೂ ಪ್ರಯತ್ನಿಸಲಿ ಎನ್ನುತ್ತಾನೆ. ಮನುಷ್ಯಪ್ರಯತ್ನದ ಮೇಲೆ ಅಷ್ಟು ನಂಬಿಕೆಯಿಟ್ಟ ಮಾತು ನಮ್ಮ ಜಿಲ್ಲೆಯ ಕಲ್ಲಿನ ಮೇಲೆ ಕ್ರಿಸ್ತಪೂರ್ವ ಮೂರನೆಯ ಶತಮಾನದಿಂದ ಇದೆ.

ಅದೇ ಅಶೋಕ ಬಿಹಾರದ ಬರಾಬರ್ ಬೆಟ್ಟದಲ್ಲಿ, ಪಟ್ಟವೇರಿದ 12ನೆಯ ವರ್ಷ, ಎರಡು ಗುಹೆಗಳನ್ನು ಕೊಡಿಸಿ ದಾನ ಕೊಟ್ಟದ್ದು ಆಜೀವಕರಿಗೆ. ಆಜೀವಕರ ಗುರು ಮಕ್ಖಲಿ ಗೋಸಾಲ ಬುದ್ಧನ ಕಾಲದವನು. ಅವನ ಮಾತು ನಮಗೆ ಸಿಗುವುದು ಅವನನ್ನು ಒಪ್ಪದ ಬೌದ್ಧ ಮತ್ತು ಜೈನ ಗ್ರಂಥಗಳಲ್ಲಿ. ಅವುಗಳ ಪ್ರಕಾರ ಅವನು ಹೇಳಿದ್ದು ಇಷ್ಟು: ಎಲ್ಲವೂ ನಿಯತಿ. ಮನುಷ್ಯಪ್ರಯತ್ನ ಎಂಬುದಿಲ್ಲ. ಎಸೆದ ನೂಲಿನ ಉಂಡೆ ನೂಲು ಮುಗಿಯುವ ತನಕ ಬಿಚ್ಚಿಕೊಳ್ಳುತ್ತ ಹೋಗುವಂತೆ ಮೂಢನೂ ಪಂಡಿತನೂ ತಮ್ಮ ಪಾಲಿನ ದುಃಖ ಮುಗಿಯುವ ತನಕ ಸುತ್ತುತ್ತಾರೆ. ಅಂದರೆ 'ಪ್ರಯತ್ನಿಸಿ' ಎಂದು ಕಲ್ಲಿನಲ್ಲಿ ಕೆತ್ತಿಸಿದ ದೊರೆ 'ಪ್ರಯತ್ನವೆಂಬುದೇ ಇಲ್ಲ' ಎನ್ನುವವರಿಗೆ ಮಳೆಗಾಲಕ್ಕೊಂದು ಸೂರು ಕೊಟ್ಟಿದ್ದ.

ಹಾಸ್ಟೆಲಿನ ದಿನಗಳಲ್ಲಿ ಈ ಎರಡೂ ಪಕ್ಷಗಳಿಗೆ ನಮ್ಮ ಬಳಿ ಹೊಸ ಹೆಸರುಗಳಿದ್ದವು. ಸದ್ಯದ ಸ್ಥಿತಿಯೆಲ್ಲ ತಿಳಿದ ಬುದ್ಧಿಯೊಂದಿದ್ದರೆ ಅದಕ್ಕೆ ಭವಿಷ್ಯವೂ ಭೂತದಷ್ಟೇ ಸ್ಪಷ್ಟ ಎಂದು 1814ರಲ್ಲಿ ಬರೆದ ಲಾಪ್ಲಾಸ್ ಒಬ್ಬ. ಕೈ ಆಡಿಸಬೇಕೆಂಬ ಇಚ್ಛೆ ನಮಗೆ ತಿಳಿಯುವುದಕ್ಕಿಂತ ಮೂರ್ನಾಲ್ಕು ನೂರು ಮಿಲಿಸೆಕೆಂಡ್ ಮೊದಲೇ ಮಿದುಳು ಸಿದ್ಧತೆ ಶುರುಮಾಡಿರುತ್ತದೆ ಎಂದು 1983ರಲ್ಲಿ ಪ್ರಯೋಗ ಪ್ರಕಟಿಸಿದ ಬೆಂಜಮಿನ್ ಲಿಬೆಟ್ ಇನ್ನೊಬ್ಬ. ಆ ಪ್ರಯೋಗದ ಅರ್ಥವೇನೆಂಬ ಜಗಳ ಇನ್ನೂ ಮುಗಿದಿಲ್ಲ.

ಈಗ ನನಗನ್ನಿಸುವುದು ಬೇರೆ. ಈ ಎರಡೂ ಮಾತುಗಳಲ್ಲಿ ಯಾವುದು ಸತ್ಯ ಎನ್ನುವಷ್ಟೇ ಮುಖ್ಯವಾದ ಪ್ರಶ್ನೆ, ಯಾವ ಮಾತನ್ನು ನಾವು ಯಾರ ಬಗ್ಗೆ ಆಡುತ್ತೇವೆ ಎಂಬುದು. ಬಿದ್ದವನ ಬಗ್ಗೆ ಮಾತಾಡುವಾಗ ನಾವು ಅಶೋಕನ ಪಕ್ಷ: ಅವನು ಪ್ರಯತ್ನಿಸಬಹುದಿತ್ತು, ಕಾಯಬಹುದಿತ್ತು. ಹಳಿ ಹಾಕಿದವರ, ವೇಳಾಪಟ್ಟಿ ಮಾಡಿದವರ, ಆಫೀಸಿನ ಸಮಯ ನಿಗದಿಮಾಡಿದವರ ಬಗ್ಗೆ ಮಾತಾಡುವಾಗ ಗೋಸಾಲನ ಪಕ್ಷ: ಇಷ್ಟು ಜನ, ಇಷ್ಟೇ ಜಾಗ, ಏನು ಮಾಡಲಾದೀತು, ಮುಂಬಯಿಯ ಹಣೆಬರಹ. ಸಣ್ಣವನಿಗೆ ಇಚ್ಛಾಸ್ವಾತಂತ್ರ್ಯ, ದೊಡ್ಡವನಿಗೆ ನಿಯತಿ.

ಕಾನೂನು ಕಲಿತದ್ದು

ಈ ಗೊಂದಲದಲ್ಲಿ ನನಗೆ ಅನಿರೀಕ್ಷಿತವಾಗಿ ಬೆಳಕು ಸಿಕ್ಕಿದ್ದು ರೈಲ್ವೆ ಕಾನೂನಿನ ಇತಿಹಾಸದಲ್ಲಿ.

1989ರ ರೈಲ್ವೆ ಕಾಯ್ದೆಯ 156ನೆಯ ಸೆಕ್ಷನ್ ಪ್ರಕಾರ ರೈಲಿನ ಛಾವಣಿ, ಮೆಟ್ಟಿಲು ಅಥವಾ ಎಂಜಿನ್ ಮೇಲೆ, ಸಿಬ್ಬಂದಿ ಎಚ್ಚರಿಸಿದ ಮೇಲೂ ಬಿಡದೆ ಪ್ರಯಾಣಿಸುವುದು ಅಪರಾಧ. 'ಬಿಡದೆ' ಎಂಬ ಮಾತನ್ನು ಗಮನಿಸಿ. ಬಿಡಲು ಸಾಧ್ಯ ಎಂದು ಕಾನೂನು ಮೊದಲೇ ಊಹಿಸಿಕೊಂಡಿದೆ. ಇನ್ನು ಪರಿಹಾರದ ಮಾತು. ರೈಲುಗಳು ಡಿಕ್ಕಿಯಾದರೆ, ಹಳಿ ತಪ್ಪಿದರೆ ಪರಿಹಾರವಿತ್ತು. ಓಡುವ ರೈಲಿನಿಂದ ಬಿದ್ದವನಿಗೆ ಅಂಥ ದಾರಿ ಇರಲಿಲ್ಲ. 1994ರ ತಿದ್ದುಪಡಿಯಲ್ಲಿ 124ಎ ಎಂಬ ಸೆಕ್ಷನ್ ಬಂತು. ಪ್ರಯಾಣಿಕ ಆಕಸ್ಮಿಕವಾಗಿ ರೈಲಿನಿಂದ ಬಿದ್ದರೂ, ರೈಲ್ವೆಯ ತಪ್ಪು ಇದೆಯೋ ಇಲ್ಲವೋ ನೋಡದೆ, ಪರಿಹಾರ ಕೊಡಬೇಕೆಂದಾಯಿತು. ಸಾವಿಗೆ ಆಗ ನಿಗದಿಯಾಗಿದ್ದ ಮೊತ್ತ ಮುಂದೆ ಏರುತ್ತ ಬಂದು 2017ರಿಂದ 8 ಲಕ್ಷ ರೂಪಾಯಿ ಆಗಿದೆ. ವಿನಾಯಿತಿಗಳೂ ಇವೆ: ಆತ್ಮಹತ್ಯೆ, ತಾನೇ ಮಾಡಿಕೊಂಡ ಗಾಯ, ತನ್ನದೇ ಅಪರಾಧಕೃತ್ಯ, ಅಮಲು ಅಥವಾ ಬುದ್ಧಿಭ್ರಮಣೆಯಲ್ಲಿ ಮಾಡಿದ್ದು, ಕಾಯಿಲೆ.

ವಕೀಲರ ಜಗಳವೆಲ್ಲ ಈ ವಿನಾಯಿತಿಗಳ ಸುತ್ತ. ತೆರೆದ ಬಾಗಿಲಲ್ಲಿ ನಿಂತು ಬಿದ್ದರೆ ಅದು 'ತಾನೇ ಮಾಡಿಕೊಂಡದ್ದು' ಅಲ್ಲವೆ ಎಂಬುದು ರೈಲ್ವೆಯ ವಾದ. 2010ರಲ್ಲಿ ಜಮೀಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಬಾಗಿಲಲ್ಲಿ ನಿಲ್ಲುವುದು ಅಜಾಗರೂಕತೆ ಇರಬಹುದು, ಆದರೆ ಅಪರಾಧಕೃತ್ಯಕ್ಕೆ ದುರುದ್ದೇಶ ಬೇಕು, ಅಜಾಗರೂಕತೆ ಅದಕ್ಕೆ ಸಮನಲ್ಲ ಎಂದಿತು. 2018ರಲ್ಲಿ ರೀನಾ ದೇವಿ ಪ್ರಕರಣದಲ್ಲಿ ಇನ್ನೂ ಸ್ಪಷ್ಟಪಡಿಸಿತು: 'ತಾನೇ ಮಾಡಿಕೊಂಡ ಗಾಯ' ಎನ್ನಬೇಕಾದರೆ ಗಾಯ ಮಾಡಿಕೊಳ್ಳುವ ಉದ್ದೇಶವೇ ಇರಬೇಕು. ಪ್ರಯಾಣಿಕನಿಂದಲೂ ಅಜಾಗರೂಕತೆ ಆಗಿತ್ತು ಎಂದು ಹೇಳಿ ಪರಿಹಾರ ತಪ್ಪಿಸುವಂತಿಲ್ಲ.

ಇದನ್ನು ಓದಿದಾಗ ನ್ಯಾಯಾಲಯ ಏನು ಮಾಡಲಿಲ್ಲ ಎಂಬುದು ನನಗೆ ಮುಖ್ಯವಾಗಿ ಕಂಡಿತು. ಪ್ರಯಾಣಿಕನಿಗೆ ಇಚ್ಛೆಯೇ ಇರಲಿಲ್ಲ, ಅವನು ನೂಲಿನ ಉಂಡೆ ಎಂದು ಅದು ಹೇಳಲಿಲ್ಲ. ಅವನೂ ಅಜಾಗರೂಕನಾಗಿದ್ದಿರಬಹುದು ಎಂದು ಒಪ್ಪಿತು. ಒಪ್ಪಿಯೂ, ಅಷ್ಟರಿಂದ ಉಳಿದವರ ಹೊಣೆ ತೀರುವುದಿಲ್ಲ ಎಂದಿತು.

ಚೀಲವೋ, ಹಳಿಯೋ

ಜೂನ್ 9ರ ನಂತರವೂ ಇದೇ ಜಗಳ. ರೈಲ್ವೆಯ ಆಂತರಿಕ ವಿಚಾರಣೆ ಬೆರಳು ತೋರಿಸಿದ್ದು ಬಾಗಿಲಲ್ಲಿದ್ದ ಒಬ್ಬ ಪ್ರಯಾಣಿಕನ ಬೆನ್ನಿನ ಚೀಲದ ಕಡೆಗೆ. ಅದು ಹೊರಚಾಚಿ ಎದುರಿನ ರೈಲಿನವರಿಗೆ ತಗುಲಿತು ಎಂದು. ರೈಲ್ವೆ ಪೊಲೀಸರು ಮುಂಬಯಿಯ ವಿಜೆಟಿಐ ಎಂಜಿನಿಯರಿಂಗ್ ಸಂಸ್ಥೆಯ ತಜ್ಞರಿಂದ ವರದಿ ತರಿಸಿಕೊಂಡರು. ಆ ವರದಿ ಹಳಿಯ ನಿರ್ವಹಣೆಯ ಕಡೆ ಬೆರಳು ತೋರಿಸಿತು. ಅದರ ಆಧಾರದ ಮೇಲೆ 2025ರ ನವೆಂಬರ್‌ನಲ್ಲಿ ಇಬ್ಬರು ಎಂಜಿನಿಯರುಗಳ ವಿರುದ್ಧ ಪ್ರಕರಣ ದಾಖಲಾಯಿತು. ಅದನ್ನು ವಿರೋಧಿಸಿ ರೈಲ್ವೆ ನೌಕರರು ಸಿಎಸ್‌ಎಂಟಿಯಲ್ಲಿ ರೈಲು ನಿಲ್ಲಿಸಿ ಪ್ರತಿಭಟಿಸಿದರು.

ತಪ್ಪು ಯಾರದೆಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆದರೆ ಎರಡೂ ಕಡೆ ಒಂದು ಸಾಮ್ಯವಿದೆ. ಒಂದು ಕಡೆ ಚೀಲ ಹೊತ್ತ ಪ್ರಯಾಣಿಕ, ಇನ್ನೊಂದು ಕಡೆ ಆ ಭಾಗದ ಹಳಿ ನೋಡಿಕೊಳ್ಳುವ ಎಂಜಿನಿಯರ್. ಆ ಚೀಲದಲ್ಲಿ ಏನಿರುತ್ತದೆಂದು ನನಗೆ ಗೊತ್ತು. ಲ್ಯಾಪ್‌ಟಾಪ್, ಡಬ್ಬಿ, ಛತ್ರಿ. ಕಲ್ಯಾಣ ಕಡೆಯವರು ಥಾಣೆಗೆ ಹೋಗದೆಯೇ ನವಿ ಮುಂಬಯಿಗೆ ಹೋಗಲು ಐರೋಲಿ-ಕಲ್ವಾ ನಡುವೆ ಎತ್ತರದ ಜೋಡಣೆ ಆಗಬೇಕಿತ್ತು. 2016ರಲ್ಲಿ ಮಂಜೂರಾದ ಯೋಜನೆಯ ಭಾಗ ಅದು. ಜೂನ್ 9ರ ಬೆಳಿಗ್ಗೆಯೂ ಅದು ಮುಗಿದಿರಲಿಲ್ಲ. ಅದರ ಹೊಣೆ ಯಾವ ಎಫ್‌ಐಆರ್‌ನಲ್ಲೂ ಹಿಡಿಯುವುದಿಲ್ಲ. ಹುಡುಕಾಟ ಯಾವಾಗಲೂ ಘಟನೆಗೆ ಹತ್ತಿರದ ಕೈಯ ಬಳಿ ಬಂದು ನಿಂತುಬಿಡುತ್ತದೆ.

ಇದು ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಅಂಥದೊಂದು ವರದಿಯನ್ನು ನಾನೇ ಬರೆದಿದ್ದೇನೆ.

ನಾನು ಬರೆದ ವರದಿ

2019ರ ಮಾತು. ಆಗ ನಾನಿದ್ದ ಕಂಪನಿಯಲ್ಲಿ ನನ್ನ ತಂಡದಲ್ಲಿ ಬೀದರ ಕಡೆಯ ಹುಡುಗನೊಬ್ಬನಿದ್ದ. ತಂಡದಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ಕೌಸಾದಲ್ಲಿ ತನ್ನ ಖಾಲಾ ಮನೆಯಲ್ಲಿರುತ್ತಿದ್ದ. ಐರೋಲಿಯಲ್ಲೇ ರೂಮು ಮಾಡಿಕೊಳ್ಳಬಾರದೆ ಎಂದು ಒಮ್ಮೆ ಕೇಳಿದ್ದೆ. "ಮೂರು ಕಡೆ ಕೇಳೀನ್ರಿ ಸರ್, ಹೆಸರು ಕೇಳಿದ ಮ್ಯಾಲ ರೂಮು ಖಾಲಿ ಇರಂಗಿಲ್ಲ" ಅಂದು ನಕ್ಕಿದ್ದ. ನಾನೂ ನಕ್ಕು ಮಾತು ಬದಲಿಸಿದ್ದೆ.

ಒಂದು ರಾತ್ರಿ ರಿಲೀಸ್ ಇತ್ತು. ಅವನು ಬೆಳಿಗ್ಗೆ ಒಂಬತ್ತೂವರೆಯ ಮೀಟಿಂಗಿಗೂ ಬಂದಿದ್ದ, ರಾತ್ರಿ ಎರಡು ಗಂಟೆಗೂ ಇದ್ದ. ಟೆಸ್ಟ್ ಸರ್ವರ್ ಮೇಲೆ ಓಡಿಸಬೇಕಿದ್ದ ಸ್ಕ್ರಿಪ್ಟನ್ನು ನಿಜವಾದ ಸರ್ವರ್ ಮೇಲೆ ಓಡಿಸಿದ. ಎರಡು ಪರದೆಗಳೂ ಒಂದೇ ಬಣ್ಣ, ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸ. ಕ್ಲೈಂಟಿನ ಕೆಲಸ ಐದು ಗಂಟೆ ನಿಂತಿತು. ಕಾರಣ ಬರೆಯುವ ಫಾರ್ಮಿನಲ್ಲಿ ನಾನು 'ಹ್ಯೂಮನ್ ಎರರ್' ಎಂದು ತುಂಬಿ ಅವನ ಹೆಸರು ಬರೆದೆ. ಅವನ ಬಡ್ತಿ ಹೋಯಿತು. ನಾಲ್ಕು ತಿಂಗಳಲ್ಲಿ ಅವನೂ ಹೋದ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ವಿಮಾನಗಳ ಪೈಲಟ್‌ಗಳು ನೆಲಕ್ಕಿಳಿದ ಮೇಲೆ ರೆಕ್ಕೆಯ ಫ್ಲಾಪ್ ಬದಲು ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ವರದಿಗಳಲ್ಲಿ ಅದು 'ಪೈಲಟ್ ಎರರ್'. ಅಲ್ಫೋನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಕಾಕ್‌ಪಿಟ್ ನೋಡಿದ. ಎರಡೂ ಸ್ವಿಚ್‌ಗಳು ಅಕ್ಕಪಕ್ಕ, ಒಂದೇ ಆಕಾರ. ಒಂದಕ್ಕೆ ಚಕ್ರದ ಆಕಾರದ, ಇನ್ನೊಂದಕ್ಕೆ ಬೆಣೆಯಾಕಾರದ ಹಿಡಿ ಹಾಕಿಸಿದ. ತಪ್ಪು ನಿಂತಿತು. ನನ್ನ ವೃತ್ತಿಯವರು ತರಬೇತಿಗಳಲ್ಲಿ ಈ ಕಥೆ ಕೇಳಿರುತ್ತೇವೆ. ನಾನೂ ಕೇಳಿದ್ದೆ, ಆ ವರದಿ ಬರೆಯುವ ಮೊದಲೇ. ಒಂದೇ ಬಣ್ಣದ ಪರದೆ, ರಾತ್ರಿಯ ಹೊತ್ತು, ಎರಡನೆಯ ಜೊತೆಗಾರನಿಲ್ಲದೆ ರಿಲೀಸ್ ನಡೆಸಲು ಒಪ್ಪಿದ್ದು ನಾನು. ಅದನ್ನು ಬರೆದಿದ್ದರೆ ಫಾರ್ಮಿನಲ್ಲಿ ನನ್ನ ಹೆಸರೂ ಬರುತ್ತಿತ್ತು.

ಜೂನ್ 9ರ ಸಂಜೆ ಮುಂಬ್ರಾ ದಾಟುವಾಗ ಅವನ ನೆನಪಾಯಿತು. ಸತ್ತವರ ಪಟ್ಟಿ ನೋಡಿದ್ದೆ, ಅವನ ಹೆಸರಿರಲಿಲ್ಲ. ಆದರೂ ಆರು ವರ್ಷಗಳ ಮೇಲೆ ಫೋನು ಮಾಡಿದೆ. ಅವನೀಗ ಹೈದರಾಬಾದಿನಲ್ಲಿದ್ದಾನೆ. ಕ್ಷೇಮಸಮಾಚಾರ ಆದ ಮೇಲೆ ಹೇಳಿದೆ: "ಅವತ್ತು ನಾನು ಬರೆದದ್ದು ಸರಿಯಲ್ಲ. ನಿನ್ನ ತಪ್ಪೇನೂ ಇರಲಿಲ್ಲ. ಅಂಥ ಪರಿಸ್ಥಿತಿಯಲ್ಲಿ ಯಾರಿಗಾದರೂ ಹಾಗೇ ಆಗ್ತಿತ್ತು."

ಸ್ವಲ್ಪ ಹೊತ್ತು ಸುಮ್ಮನಿದ್ದ.

"ಹಂಗ ಅನ್ಬ್ಯಾಡ್ರಿ ಸರ್," ಅಂದ. "ನಂದೂ ಇತ್ತರೀ. ನಿದ್ದಿ ಬರ್ಲಿಕತ್ತದ, ಇನ್ನೊಬ್ರು ಬೇಕು ಅಂತ ನಿಮಗ ಹೇಳಬಹುದಿತ್ತು, ಹೇಳ್ಲಿಲ್ಲ. ನಾ ಹುಷಾರದೀನಿ ಅಂತ ತೋರಿಸ್ಬೇಕಿತ್ತು. ಆ ತಪ್ಪೂ ನಂದಲ್ಲ ಅಂದ್ರ, ಮುಂದ ನಾ ಮಾಡಿದ ಛಲೋ ಕೆಲಸಾನೂ ನಂದಲ್ಲ ಅಂದಂಗ ಆಗ್ತದಲ್ರೀ. ನನ್ನ ಪಾಲು ನನಗಿರಲಿ ಸರ್. ನಿಮ್ಮ ಪಾಲು ನೀವು ಬರೀರಿ."

ನಾನು ಅವನನ್ನು ದೋಷದಿಂದ ಬಿಡಿಸಲು ಹೋಗಿ ಮನುಷ್ಯನ ಸ್ಥಾನದಿಂದಲೇ ಇಳಿಸಿದ್ದೆ. 2019ರಲ್ಲಿ ಎಲ್ಲವೂ ನೀನೇ ಎಂದಿದ್ದೆ, 2025ರಲ್ಲಿ ನೀನು ಏನೂ ಅಲ್ಲ ಎನ್ನುತ್ತಿದ್ದೆ. ಎರಡೂ ಸಲ ಲೆಕ್ಕ ಹಾಕಲು ಸೋಮಾರಿತನ.

ನಾಲ್ಕು ಗೋಡೆಯೊಳಗಿದ್ದರೂ ಮನುಷ್ಯ ಯಾವ ಗೋಡೆಗೆ ಒರಗಬೇಕೆಂದು ತಾನೇ ನಿರ್ಧರಿಸುತ್ತಾನೆ. ಅಷ್ಟು ಅವನದು. ಗೋಡೆ ಕಟ್ಟಿದ್ದು ಅವನದಲ್ಲ. ಈ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕು. ಇಚ್ಛೆ ಸ್ವತಂತ್ರವೋ ಅಲ್ಲವೋ ಎಂಬ ಮೂಲಪ್ರಶ್ನೆಗೆ ಇದು ಉತ್ತರವಲ್ಲ ಎಂದು ನನಗೆ ಗೊತ್ತು. ಆದರೆ ಆ ಉತ್ತರ ಸಿಗುವ ತನಕ ವರದಿ ಬರೆಯುವವರು, ತೀರ್ಪು ಕೊಡುವವರು, ಕ್ಯಾಂಟೀನಿನಲ್ಲಿ ತಲೆಯಾಡಿಸುವವರು ಕಾಯುವುದಿಲ್ಲವಲ್ಲ.

ನನ್ನ ಪಾಲನ್ನು ಹುಡುಕಲು ದೂರ ಹೋಗಬೇಕಾಗಲಿಲ್ಲ. ಗರ್ದಿ ಹಂಚಿಹೋಗುವಂತೆ ಕೆಲಸದ ಸಮಯ ಬದಲಿಸಿ ಎಂದು ಮಧ್ಯ ರೈಲ್ವೆ ಕಚೇರಿಗಳನ್ನು ಕೇಳಿಕೊಂಡಿದ್ದು ಹಿಂದೆಯೇ ಪತ್ರಿಕೆಯಲ್ಲಿ ಓದಿದ್ದೆ. ಓದಿ, ಸರ್ಕಾರಿ ಕಚೇರಿಗಳು ಕೇಳಬೇಕು ಎಂದುಕೊಂಡಿದ್ದೆ. ನನ್ನ ತಂಡದ ಒಂಬತ್ತೂವರೆಯ ಮೀಟಿಂಗನ್ನು ಯಾರೂ ಮೇಲಿನಿಂದ ಹೇರಿರಲಿಲ್ಲ. ಅದನ್ನು ಇಟ್ಟದ್ದು ನಾನು, ಎಲ್ಲರೂ ಹಾಗೆ ಇಡುತ್ತಾರೆ ಎಂಬ ಕಾರಣಕ್ಕೆ. ಕಲ್ಯಾಣ, ಬದಲಾಪುರ, ದಿವಾಗಳಿಂದ ಬರುವ ಹನ್ನೊಂದು ಮಂದಿ ಆ ಮೀಟಿಂಗಿಗಾಗಿ ಬಾಗಿಲಲ್ಲಿ ನಿಲ್ಲುತ್ತಿದ್ದರು. ಜುಲೈನಲ್ಲಿ ಅದನ್ನು ಹನ್ನೊಂದೂವರೆಗೆ ಬದಲಿಸಿದೆ. ಒಂದು ಈ-ಮೇಲ್, ಎರಡು ಸಾಲು. ಕೆಲಸವೇನೂ ನಿಲ್ಲಲಿಲ್ಲ. ಕಾರಣ ಬರೆಯುವ ಫಾರ್ಮಿನಲ್ಲಿ ಈಗ 'ಯಾರು ಏನು ಮಾಡಿದರು' ಎಂಬುದರ ಪಕ್ಕದಲ್ಲಿ 'ಅವರ ಮುಂದೆ ಏನೇನು ಆಯ್ಕೆಗಳಿದ್ದವು, ಅವನ್ನು ಇಟ್ಟವರು ಯಾರು' ಎಂಬ ಕಾಲಂ ಇದೆ. ಅದನ್ನು ತುಂಬುವುದು ಯಾರಿಗೂ ಇಷ್ಟವಿಲ್ಲ. ನನಗೂ ಇಲ್ಲ.

ಅಪಘಾತವಾದ ದಿನವೇ ರೈಲ್ವೆ ಹೊಸ ಲೋಕಲ್‌ಗಳಿಗೆ ತಾನೇ ಮುಚ್ಚುವ ಬಾಗಿಲು ಹಾಕುವುದಾಗಿ, ಹಳೆಯವಕ್ಕೂ ಜೋಡಿಸುವುದಾಗಿ ಹೇಳಿತು. ಬಂದರೆ ಒಳ್ಳೆಯದೇ, ಬಿದ್ದು ಸಾಯುವವರು ಉಳಿಯುತ್ತಾರೆ. ಆದರೆ ರೈಲುಗಳ ಸಂಖ್ಯೆ ಅಷ್ಟೇ ಇದ್ದರೆ ಬಾಗಿಲು ಮುಚ್ಚಿದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಉಳಿದವರಿಗೆ ತಡವಾಗುತ್ತದೆ. ಆಗ ಅವರನ್ನು ಕೇಳುವ ಪ್ರಶ್ನೆಯನ್ನು ಈಗಲೇ ಊಹಿಸಬಲ್ಲೆ. ಮನೆಯಿಂದ ಬೇಗ ಹೊರಡಬಾರದಿತ್ತೆ?

ಕಳೆದ ವಾರ ಅಮ್ಮ ಮತ್ತೆ ಕೇಳಿದರು, "ಬಾಗಿಲಾಗೆ ನಿಲ್ಲಲ್ಲ ತಾನೆ?"

"ಕೆಲವು ಸಲ ನಿಲ್ತೀನಮ್ಮ" ಅಂದೆ. "ಈಗ ಹತ್ತು ಗಂಟೆ ಮೇಲೆ ಹೋಗ್ತೀನಿ. ಹೆಚ್ಚಿನ ದಿನ ಒಳಗೆ ಜಾಗ ಸಿಗುತ್ತೆ."